ಶಿಫಾಳ ಬೆನ್ನ ಮೇಲಿನ ಇಂಟು ಗುರುತು

ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯ ವಿಮಾನ ನಿಲ್ದಾಣವೇ ಒಂದು ಬೇರೆ ದ್ವೀಪ. ಊರಿನ ದಡದಿಂದ ಅಲ್ಲಿಗೆ ದೋಣಿಯಲ್ಲೇ ಹೋಗಬೇಕು. ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಶಿಫಾ ಮತ್ತು ನಾನು ಹೊರಟಾಗ ನಮ್ಮನ್ನು ಬಿಡಲು ಅವಳ ಅಣ್ಣ ಹಸನ್ ಬಂದಿದ್ದ. ದೋಣಿ ದಡಕ್ಕೆ ತಾಗಿದ ಮೇಲೆ ತಂಗಿಯ ಕೈಯನ್ನು ಎತ್ತಿ ನನ್ನ ಕೈಯೊಳಗಿಟ್ಟು, ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ, "ಟೀಚರ್, ಈ ಕೈ ಬಿಡಬೇಡಿ. ನಮ್ಮ ತಾಯಿಗೆ ನಾನು ಉತ್ತರ ಹೇಳಬೇಕು" ಎಂದ.

"ಬಿಡುವುದಿಲ್ಲ" ಎಂದು ನಾನು ಮಾತು ಕೊಟ್ಟೆ. ಕೊಟ್ಟ ಕ್ಷಣದಿಂದ ನನಗೆ ಹೆದರಿಕೆ ಹಿಡಿಯಿತು.

ನಾನು ಧಾರವಾಡದ ಕಡೆಯ ಒಂದು ಕಿವುಡ ಮಕ್ಕಳ ವಸತಿ ಶಾಲೆಯಲ್ಲಿ ನಿವೃತ್ತಿಯವರೆಗೆ ಪಾಠ ಹೇಳಿದವಳು, ಹುಡುಗಿಯರ ಹಾಸ್ಟೆಲಿಗೆ ವಾರ್ಡನ್ ಆಗಿದ್ದವಳು. ಏಳುವ ಹೊತ್ತು, ತಟ್ಟೆ ತೊಳೆಯುವ ಹೊತ್ತು, ದೀಪ ಆರಿಸುವ ಹೊತ್ತು ಎಲ್ಲಕ್ಕೂ ಅಲ್ಲಿ ನಿಯಮವಿತ್ತು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾಗದೆ ಮಾಲ್ಡೀವ್ಸ್‌ಗೆ ಕರಾರಿನ ಮೇಲೆ ಹೋದೆ. ನಮ್ಮ ಕಡೆಯ ಅನೇಕ ಶಿಕ್ಷಕರು ಅಲ್ಲಿದ್ದಾರೆ. ಶಿಫಾ ಅಲ್ಲಿ ನನ್ನ ವಯಸ್ಕರ ತರಗತಿಗೆ ಬರುತ್ತಿದ್ದಳು. ಇಪ್ಪತ್ತೆಂಟು ವರ್ಷದ ಹೆಂಗಸು, ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಹದಿನೈದರ ಸುಮಾರಿನಿಂದ ಕಣ್ಣಿನ ನೋಟವೂ ಸುತ್ತಲಿಂದ ಕಿರಿದಾಗುತ್ತ ಬಂದು, ಈಗ ಹಗಲಿನಲ್ಲಿ ಕೊಳವೆಯೊಳಗಿಂದ ನೋಡಿದಷ್ಟು ಕಾಣುತ್ತದೆ. ಹೊತ್ತು ಮುಳುಗಿದರೆ ಏನೂ ಇಲ್ಲ. ಆಗ ಅವಳೊಡನೆ ಮಾತಾಡಬೇಕಾದರೆ ಅವಳ ಕೈಗಳು ನಮ್ಮ ಕೈಗಳ ಮೇಲಿರಬೇಕು. ನಾವು ಮಾಡುವ ಸನ್ನೆಯನ್ನು ಅವಳು ಮುಟ್ಟಿ ಓದುತ್ತಾಳೆ.

ಸುನಾಮಿ ಬಂದು ಎರಡು ವರ್ಷವಾಗುತ್ತ ಬಂದಿತ್ತು. ಆ ಬೆಳಿಗ್ಗೆ ಶಿಫಾ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಳಂತೆ. ಹಿಂದಿನಿಂದ ಯಾರೋ ಗಂಡಸು ಬಂದು ಬಾಚಿ ತಬ್ಬಿದ. ಇವಳು ಅವನ ಕೈಯನ್ನು ಕಚ್ಚಿದಳು, ಒದ್ದಳು. ಕಾಲಿಗೆ ನೀರು ತಾಗಿದ ಮೇಲೆಯೇ ಅವನು ನೆರೆಮನೆಯವನೆಂದೂ ಸಮುದ್ರ ಒಳಗೆ ಬರುತ್ತಿದೆಯೆಂದೂ ತಿಳಿದದ್ದು. ಆಮೇಲೆ ಅಲ್ಲಿನ ಅಂಗವಿಕಲರು ಸೇರಿ ಕಟ್ಟಿಕೊಂಡ ಸಂಘಕ್ಕೆ ಅವಳನ್ನೇ ಅಧ್ಯಕ್ಷೆಯನ್ನಾಗಿ ಆರಿಸಿದರು. ಸಂಘದಲ್ಲಿ ಅಂಗವಿಕಲರಿಗೆ ಮಾತ್ರ ಸದಸ್ಯತ್ವ. ನಾನು ಸಭೆಯಲ್ಲಿ ಕೂತು ಸನ್ನೆಯನ್ನು ಮಾತಿಗೆ ತಿರುಗಿಸಬಹುದು, ಕೈ ಎತ್ತುವಂತಿಲ್ಲ. ಮೊದಮೊದಲು ಇದು ನನಗೆ ಅಷ್ಟು ಹಿಡಿಸಿರಲಿಲ್ಲ.

ಅಮೆರಿಕದ ಸಿಯಾಟಲ್‌ನಲ್ಲಿ ಕಣ್ಣು ಕಿವಿ ಎರಡೂ ಇಲ್ಲದವರು ತಾವೇ ನಡೆಸುವ ಒಂದು ಸಂಘವಿದೆ. ದ್ವೀಪದ ಸಂಘದೊಡನೆ ಅವರು ಜೊತೆಗಾರಿಕೆಯ ಒಪ್ಪಂದ ಮಾಡಿಕೊಂಡಿದ್ದರು. ನಮ್ಮಲ್ಲಿಂದ ಒಬ್ಬರು ಅಲ್ಲಿಗೆ ಹೋಗಿ, ಆಪತ್ತಿನಲ್ಲಿ ಕಣ್ಣು ಕಿವಿ ಇಲ್ಲದವರು ಜೀವ ಉಳಿಸಿಕೊಳ್ಳುವ ವಿಧಾನಗಳನ್ನು ಕಲಿತು ಬಂದು, ಉಳಿದ ದ್ವೀಪಗಳವರಿಗೆ ಕಲಿಸಬೇಕು. ಟಿಕೆಟ್ಟು, ಊಟ, ವಸತಿ ಅವರದು. ಶಿಫಾಳನ್ನು ಕಳಿಸುವುದೆಂದು ಸಂಘ ತೀರ್ಮಾನಿಸಿತು. ಅವಳ ಕೈಗೆ ಮಾತು ಮುಟ್ಟಿಸಲು ನಾನು.

ಸಿಂಗಪುರದಲ್ಲಿ ವಿಮಾನ ಬದಲಿಸಿ, ಸಮುದ್ರದ ಮೇಲೆ ಮುಗಿಯದ ಒಂದು ರಾತ್ರಿ ಕಳೆದು ಸಿಯಾಟಲ್ ತಲುಪಿದೆವು. ಪಾಸ್‌ಪೋರ್ಟು ನೋಡುವ ಅಧಿಕಾರಿ ಶಿಫಾಳ ತಲೆವಸ್ತ್ರವನ್ನೂ ಮುಖವನ್ನೂ ನೋಡಿ ಏನೋ ಕೇಳಿದ. ಅವಳು ಅವನ ಭುಜದ ಆಚೆ ಎಲ್ಲೋ ನೋಡುತ್ತ ನಿಂತಿದ್ದಳು. "ಇವರು ಯಾಕೆ ನನ್ನ ಕಡೆ ನೋಡುತ್ತಿಲ್ಲ?" ಎಂದ. ಕಾಗದಗಳನ್ನು ನಾನು ಕ್ರಮವಾಗಿ ಜೋಡಿಸಿಟ್ಟಿದ್ದರೂ ಆ ಹೊತ್ತಿಗೆ ಬೇಕಾದ ಕಾಗದ ಸಿಗಲಿಲ್ಲ. ವಿವರಿಸಿದ ಮೇಲೆ ಅವನು ತಾನೇ ಎದ್ದು ಬಂದು, ಬೆರಳಚ್ಚಿನ ಗಾಜಿನ ಮೇಲೆ ಅವಳ ಬೆರಳನ್ನು ಮೆಲ್ಲಗೆ ಇಟ್ಟ. ಶಿಫಾ ನನ್ನ ಕೈಯಲ್ಲಿ, "ಇವನ ಕೈ ಬೆಚ್ಚಗಿದೆ, ನಿಮ್ಮದು ಐಸು" ಎಂದಳು.

ಯೂನಿವರ್ಸಿಟಿ ಡಿಸ್ಟ್ರಿಕ್ಟಿನಲ್ಲಿ ಸಂಘದವರು ನಮಗೆ ಒಂದು ಕೋಣೆ ಕೊಟ್ಟಿದ್ದರು. ಕೆಳಗೆ ಸದಾ ವಿದ್ಯಾರ್ಥಿಗಳ ಓಡಾಟ, ಸೈಕಲ್ಲು, ಬಸ್ಸು. ಮಳೆ ಜೋರಾಗಿ ಬೀಳುತ್ತಿರಲಿಲ್ಲ, ಆದರೆ ನಿಲ್ಲುತ್ತಲೂ ಇರಲಿಲ್ಲ. ನಾಲ್ಕೂವರೆಗೆಲ್ಲ ಕತ್ತಲು. ಅಂದರೆ ನಮ್ಮಲ್ಲಿ ಚಹಾ ಕುಡಿಯುವ ಹೊತ್ತಿಗೆ ಇಲ್ಲಿ ಶಿಫಾಳ ಲೋಕ ಮುಚ್ಚಿಹೋಗುತ್ತಿತ್ತು. ಅವಳು ಊರಿನಿಂದ ತಂದ ಒಣಮೀನಿನ ಪುಡಿಯನ್ನು ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ತಿನ್ನುತ್ತಿದ್ದಳು. ಮೀನು ತಿನ್ನದ ನಾನು ಕಿಟಕಿಯ ಹತ್ತಿರ ಕೂತು ಮೊಸರನ್ನ ಉಣ್ಣುತ್ತಿದ್ದೆ.

ಮೊದಲ ತರಗತಿಯಲ್ಲಿ ನಮಗೆ ಪಾಠ ಹೇಳಿದವರು ಕ್ಯಾರಲ್. ನನಗಿಂತ ಸ್ವಲ್ಪ ಕಿರಿಯರು, ಬಿಳಿ ಕೂದಲು, ಕಣ್ಣು ಕಿವಿ ಎರಡೂ ಇಲ್ಲ. ಅವರ ಸನ್ನೆಯನ್ನು ಒಬ್ಬರು ಇಂಗ್ಲಿಷಿಗೆ ತಿರುಗಿಸುತ್ತಿದ್ದರು, ನಾನು ಅದನ್ನು ಶಿಫಾಳ ಕೈಗೆ ದಾಟಿಸುತ್ತಿದ್ದೆ. ಕ್ಯಾರಲ್ ಎಲ್ಲರ ಕೈ ಮುಟ್ಟಿ ಪರಿಚಯ ಮಾಡಿಕೊಂಡು ನನ್ನ ಬಳಿ ಬಂದಾಗ, "ಈ ಕೈ ನಡುಗುತ್ತಿದೆ. ಇವರಿಗೆ ಕಾಫಿ ಕೊಡಿ, ಇಲ್ಲವೇ ಮನೆಗೆ ಕಳಿಸಿ" ಎಂದು ನಕ್ಕರು.

ಅಂದು ಕಲಿಸಿದ್ದು ಒಂದೇ ಗುರುತು. ಕಣ್ಣು ಕಿವಿ ಇಲ್ಲದವರ ಬೆನ್ನ ಮೇಲೆ ಬೆರಳಿನಿಂದ ದೊಡ್ಡದಾಗಿ ಇಂಟು ಎಳೆಯುವುದು. ತಪ್ಪು ಲೆಕ್ಕಕ್ಕೆ ನಾವು ಕೆಂಪು ಶಾಯಿಯಲ್ಲಿ ಹಾಕುವ ಅದೇ ಇಂಟು. ಅದರ ಅರ್ಥ: ಪ್ರಾಣಕ್ಕೆ ಅಪಾಯವಿದೆ, ಈಗಲೇ ನನ್ನೊಂದಿಗೆ ಬಾ, ವಿವರ ಆಮೇಲೆ. ಬೆಂಕಿಯೋ ನೀರೋ ಎಂದು ಕೇಳುವಂತಿಲ್ಲ. ಎಳೆದವರು ಯಾರೆಂದೂ ಕೇಳುವಂತಿಲ್ಲ. ಕೈಯಲ್ಲಿರುವುದನ್ನು ಬಿಟ್ಟು ಹೊರಡಬೇಕು.

ಶಿಫಾ ತನ್ನ ಬೆನ್ನನ್ನು ಕ್ಯಾರಲ್‌ಗೆ ಕೊಟ್ಟು ಮತ್ತೆ ಮತ್ತೆ ಎಳೆಸಿಕೊಂಡಳು. ನಂತರ, "ಅವತ್ತು ಆ ನೆರೆಮನೆಯವನಿಗೆ ಇದು ಗೊತ್ತಿದ್ದರೆ ಅವನ ಕೈ ಉಳಿಯುತ್ತಿತ್ತು" ಎಂದಳು. ಎಲ್ಲರೂ ನಕ್ಕರು. ಆದರೆ ಅವಳ ಮುಖ ನೋಡಿ ನನಗೆ ಗೊತ್ತಾಯಿತು, ಅವಳು ಇಷ್ಟು ದೂರ ಬಂದದ್ದು ಇದೊಂದಕ್ಕೇ. ಇದನ್ನು ಊರಿಗೆ ಒಯ್ದು, ಒಂದೊಂದು ದ್ವೀಪದಲ್ಲೂ ಮೀನುಗಾರನಿಂದ ಹಿಡಿದು ಅಂಗಡಿಯವನ ತನಕ ಎಲ್ಲರ ಬೆರಳಿಗೂ ಕಲಿಸಬೇಕು. ಇಲ್ಲದಿದ್ದರೆ ಮುಂದಿನ ಸಲ ನೀರು ಬಂದಾಗ ಅವಳಂಥವರು ಮತ್ತೆ ಕಚ್ಚುತ್ತ ಒದೆಯುತ್ತ ಮುಳುಗುತ್ತಾರೆ.

ಕೊನೆಗೆ ಕ್ಯಾರಲ್ ಒಂದು ಮಾತು ಹೇಳಿದರು: "ಇದನ್ನು ಪರೀಕ್ಷೆಗೆಂದು ಎಳೆಯಬೇಡಿ. ತರಗತಿಯಲ್ಲಿ ಮೊದಲೇ ಹೇಳಿ ಕಲಿಸಿ, ಸಾಕು." ಅದನ್ನು ನಾನು ಶಿಫಾಳಿಗೆ ದಾಟಿಸಿದೆ. ನನಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. ಹಾಸ್ಟೆಲಿನಲ್ಲಿ ನಾನು ಹೇಳದೆ ಕೇಳದೆ ದೀಪ ಹಾಕಿ ಆರಿಸಿ ಮಾಡಿ ಹುಡುಗಿಯರನ್ನು ಎಬ್ಬಿಸಿ, ಅಂಗಳದಲ್ಲಿ ಸಾಲು ನಿಲ್ಲಿಸುತ್ತಿದ್ದೆ. ಅನಿರೀಕ್ಷಿತವಾಗಿ ಮಾಡದ ಅಭ್ಯಾಸ ಅಭ್ಯಾಸವೇ ಅಲ್ಲ ಎಂಬುದು ನನ್ನ ಪಾಠ.

ಎರಡನೆಯ ವಾರ ಹೊರಗಿನ ಪಾಠ ಶುರುವಾಯಿತು. ಶಿಫಾ ಬಿಳಿ ಕೋಲು ಹಿಡಿದು ಒಬ್ಬಳೇ ಬಸ್ ಸ್ಟಾಪಿನಲ್ಲಿ ನಿಂತು, ಒಂದು ಕಾರ್ಡು ಎತ್ತಿ ಹಿಡಿಯಬೇಕು. ಅದರಲ್ಲಿ, "ನನಗೆ ಕಾಣಿಸುವುದಿಲ್ಲ, ಕೇಳಿಸುವುದಿಲ್ಲ. ರಸ್ತೆ ದಾಟಲು ಸಹಾಯ ಬೇಕು. ತೋಳು ತಟ್ಟಿ" ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ನಾನು ರಸ್ತೆಯ ಈಚೆ ನಿಂತಿರಬೇಕು, ಕದಲಬಾರದು. "ಕೈ ಬಿಡುವುದಿಲ್ಲ ಎಂದು ನಿನ್ನ ಅಣ್ಣನಿಗೆ ಹೇಳಿದ್ದೇನೆ" ಎಂದರೆ ಶಿಫಾ, "ಅಣ್ಣ ಇಲ್ಲಿಲ್ಲ. ನಾನಿದ್ದೇನೆ" ಎಂದು ಕೈ ಬಿಡಿಸಿಕೊಂಡಳು.

ಕತ್ತಲಾಗುತ್ತಿತ್ತು. ಗಾಳಿ ಏಳುತ್ತಿತ್ತು. ಕಾರ್ಡು ನೋಡಿ ಇಬ್ಬರು ಹುಡುಗಿಯರು ಹಾಗೇ ಹೋದರು. ಆಮೇಲೆ ಒಬ್ಬ ಗಂಡಸು ನಿಂತ. ಉದ್ದ ಕೋಟು, ಅದಕ್ಕೆ ಹಗ್ಗ ಕಟ್ಟಿದ್ದ, ಬೆಳೆದ ಗಡ್ಡ, ಕೈಯಲ್ಲಿ ಹರಿದ ಚೀಲ. ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ಓದಿದ, ಒಬ್ಬನೇ ನಕ್ಕ, ಅವಳ ತೋಳು ತಟ್ಟಿ ಮೊಣಕೈ ಚಾಚಿದ. ಅವಳು ಹಿಡಿದುಕೊಂಡಳು. ಇಬ್ಬರೂ ರಸ್ತೆಗೆ ಇಳಿದರು.

ನನಗೆ ಏನಾಯಿತೋ. ಹಸನ್ ಮುಖ ಕಣ್ಣ ಮುಂದೆ ಬಂತು. ಓಡಿಹೋಗಿ ಅವಳ ಬೆನ್ನ ಮೇಲೆ ಇಂಟು ಎಳೆದೆ.

ಶಿಫಾ ಒಂದು ಗಳಿಗೆಯೂ ತಡ ಮಾಡಲಿಲ್ಲ. ಕೋಲು ಬಿಟ್ಟಳು, ಕಾರ್ಡು ಬಿಟ್ಟಳು, ನನ್ನ ಜೊತೆ ಎಡವುತ್ತ ಓಡಿಬಂದಳು. ಒಂದು ಅಂಗಡಿಯ ಗೋಡೆಗೆ ಒರಗಿ ನಿಂತ ಮೇಲೆ ಅವಳ ಕೈ ನನ್ನ ಕೈ ಹುಡುಕಿತು.

"ನೀರೇ?"

"ಅಲ್ಲ."

"ಬಸ್ಸು ಮೇಲೆ ಬಂತೇ? ಬೆಂಕಿಯೇ?"

"ಅಲ್ಲ."

"ಮತ್ತೆ?"

ಅಷ್ಟರಲ್ಲಿ ಆ ಗಡ್ಡದವನು ಕೋಲು ಕಾರ್ಡು ಎರಡನ್ನೂ ಹೆಕ್ಕಿಕೊಂಡು ಬಂದು, "ಇದು ಬಿದ್ದಿತ್ತು. ಹುಷಾರಾಗಿದ್ದಾರಾ?" ಎಂದು ಇಂಗ್ಲಿಷಿನಲ್ಲಿ ಕೇಳಿ ಕೊಟ್ಟುಹೋದ. ನಾನು ಶಿಫಾಳ ಕೈಗೆ, "ಅಭ್ಯಾಸ" ಎಂದು ಹೇಳಿದೆ. ಆ ಹೊತ್ತಿಗೆ ನಾನೇ ಅದನ್ನು ನಂಬಿದ್ದೆ.

ಅವಳು ಕೋಲನ್ನು ತಡವಿ ನೋಡಿದಳು. ಆಮೇಲೆ, "ನನ್ನ ಬೆನ್ನ ಮೇಲೆ ಸುಳ್ಳು ಬರೆದಿರಿ" ಎಂದಳು. ಎರಡೂ ಕೈಗಳನ್ನು ಶಾಲಿನ ಒಳಗೆ ಎಳೆದುಕೊಂಡಳು. ಮಾತು ಬಿಟ್ಟವರಿಗೆ ಕಿವಿಯಾದರೂ ತೆರೆದಿರುತ್ತದೆ. ಅವಳು ಕೈ ಒಳಗೆಳೆದುಕೊಂಡರೆ ನಾನು ಹೇಳುವ ದಾರಿಯೂ ಇಲ್ಲ, ಅವಳು ಕೇಳುವ ದಾರಿಯೂ ಇಲ್ಲ.

ಅಂದೇ ಸುನಂದಾ ಕಾರು ತಂದಳು. ಇವಳು ಧಾರವಾಡದಲ್ಲಿ ನನ್ನ ಸಹೋದ್ಯೋಗಿಯ ಮಗಳು, ಸಣ್ಣವಳಿದ್ದಾಗ ನನ್ನ ಹಾಸ್ಟೆಲಿನ ಅಂಗಳದಲ್ಲೇ ಆಡಿದವಳು. ಈಗ ಗಂಡ ಗಿರೀಶನೊಡನೆ ಸರೋವರದ ಆಚೆಯ ಸಮಾಮಿಶ್ ಊರಿನಲ್ಲಿ ಮನೆ ಮಾಡಿಕೊಂಡಿದ್ದಾಳೆ. ವಾರಾಂತ್ಯಕ್ಕೆ ಕರೆದೊಯ್ಯುವುದೆಂದಿದ್ದವಳು ಎರಡು ದಿನ ಮೊದಲೇ ಬಂದಿದ್ದಳು. "ಅಕ್ಕೋರ, ಲಗೂ ಏಳ್ರಿ. ರಾತ್ರಿ ದೊಡ್ಡ ಗಾಳಿ ಬರತೈತಂತ. ಬ್ರಿಜ್ ಬಂದ್ ಮಾಡೂದ್ರಾಗ ದಾಟಬೇಕ್ರಿ."

ಅಲ್ಲಿನ ದೊಡ್ಡ ಸರೋವರಕ್ಕೆ ಕಟ್ಟಿದ ಸೇತುವೆ ನೀರಿನ ಮೇಲೆ ತೇಲುವಂಥದು. ಬಲಗಡೆಯ ನೀರು ಎದ್ದು ಕಾರಿನ ಗಾಜಿಗೆ ಬಡಿಯುತ್ತಿತ್ತು. ನಾನು ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದೆ. ಹಿಂದಿನ ಸೀಟಿನಲ್ಲಿ ಶಿಫಾ ಗಾಜಿಗೆ ಅಂಗೈ ಒತ್ತಿ ಅಲೆಯ ಪೆಟ್ಟನ್ನು ಮುಟ್ಟಿ ನೋಡುತ್ತಿದ್ದಳು. ದಾರಿಯಲ್ಲಿ ಸಿಕ್ಕ ಕ್ರಾಸ್‌ರೋಡ್ಸ್ ಬಡಾವಣೆಯ ಅಂಗಡಿಗಳಲ್ಲಿ ಬ್ರೆಡ್ಡೂ ಬ್ಯಾಟರಿ ಸೆಲ್ಲೂ ಆಗಲೇ ಖಾಲಿ. ನಾಲ್ಕು ಮೇಣದಬತ್ತಿ ಸಿಕ್ಕಿದವು, ಮೈಸೂರ್‌ಪಾಕಿನ ಒಂದು ಡಬ್ಬಿ ಸಿಕ್ಕಿತು.

ಆ ರಾತ್ರಿಯ ಗಾಳಿಯನ್ನು ನಾನು ವರ್ಣಿಸಲಾರೆ. ಸಮಾಮಿಶ್‌ನ ಮನೆಗಳು ಎತ್ತರದ ಫರ್ ಮರಗಳ ನಡುವೆ ದೂರ ದೂರ ನಿಂತಿವೆ. ಒಂದೊಂದು ಮರ ಮುರಿದಾಗಲೂ ಫಿರಂಗಿಯಂಥ ಸದ್ದು. ಬೆಳಗಾದಾಗ ಕರೆಂಟು ಇರಲಿಲ್ಲ. ಅಲ್ಲಿ ಒಲೆಗೂ ಕರೆಂಟು, ಮನೆ ಬೆಚ್ಚಗಿಡುವುದಕ್ಕೂ ಕರೆಂಟು. ಶನಿವಾರದ ಹೊತ್ತಿಗೆ ಮಾತಾಡಿದರೆ ಬಾಯಿಂದ ಹಬೆ ಬರುತ್ತಿತ್ತು. ಹೋಟೆಲುಗಳು ತುಂಬಿದ್ದವು. ಬಿಸಿಲೂರಿನ ಶಿಫಾ ಕೆಳಗಿನ ಸಣ್ಣ ಕೋಣೆಯಲ್ಲಿ ರಜಾಯಿ ಹೊದ್ದು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸುನಂದಾ ಕೊಟ್ಟ ಬ್ರೆಡ್ಡು ತೆಗೆದುಕೊಳ್ಳುತ್ತಿದ್ದಳು. ನಾನು ಹತ್ತಿರ ಹೋದರೆ ಕೈ ಒಳಗೆ.

"ಈ ಹುಡುಗಿ ಥಂಡೀಲೆ ಸೆಟದು ಹೋಗ್ತಾಳ್ರಿ" ಎಂದಳು ಸುನಂದಾ. "ನಮ್ಮನ್ಯಾಗ ಬಾಣಂತಿ ಕ್ವಾಣ್ಯಾಗ ಶೆಗಡಿ ಇಡ್ತಿದ್ರಲ್ರಿ, ಹಂಗ ಮಾಡೋಣೇನ್ರಿ? ಇವರ ಬಾರ್ಬೆಕ್ಯೂ ಐತಿ, ಇದ್ದಲಿ ಚೀಲನೂ ಐತಿ."

"ವರ್ಷಕ್ಕೆ ಒಂದ್ಸಲ ಜೋಳ ಸುಡೋಕೆ ಅಷ್ಟು ದುಡ್ಡು ಕೊಟ್ಟು ತಂದ್ರಾ ಅಂತ ನೀನೇ ಬೈತಿದ್ದೆ. ಈಗ ನೋಡು" ಎಂದ ಗಿರೀಶ. ಇವನು ಬೆಂಗಳೂರಿನವನು.

"ಸಾಕ್ ಬಿಡ್ರಿ, ಮದಲ ಹೊತ್ತಸ್ರಿ."

ಅದು ಸರಿಯೆಂದು ನಾನೇ ಹೇಳಿದೆ. ಶೆಗಡಿ ಅಂದರೆ ಕೆಂಡ ತುಂಬಿದ ಅಗ್ಗಿಷ್ಟಿಕೆ. ಅದರ ಪಕ್ಕದಲ್ಲಿ ಮಲಗಿಯೇ ನಮ್ಮ ಕಡೆ ಎಲ್ಲರೂ ಬೆಳೆದದ್ದು. "ಹೊರಗ ಹೊತ್ತಸಿ, ಹೊಗಿ ಹೋದಮ್ಯಾಲೆ ಒಳಗ ತರ್ರಿ" ಎಂದು ಕ್ರಮ ಹೇಳಿಕೊಟ್ಟೆ. ಕೆಂಡ ಕೆಂಪಾಗಿ ಹೊಗೆ ನಿಂತ ಮೇಲೆ ಆ ಮೂರು ಕಾಲಿನ ಬಾರ್ಬೆಕ್ಯೂವನ್ನು ಸಣ್ಣ ಕೋಣೆಗೆ ತಂದಿಟ್ಟರು. ಶಾಖ ಸೋರದಂತೆ ಬಾಗಿಲ ಸಂದಿಗೆ ಹಾಸಿಗೆ ಚಾದರವನ್ನು ಸುರುಳಿ ಸುತ್ತಿ ಒತ್ತಲು ಹೇಳಿದವಳೂ ನಾನೇ. ಹಂಚಿನ ಮನೆಯಲ್ಲಿ ಸೂರಿನ ಸಂದಿಯಿಂದ ಕೆಟ್ಟ ಗಾಳಿ ಹೊರಗೆ ಹೋಗುತ್ತದೆ, ಇಲ್ಲಿನ ಮನೆ ಡಬ್ಬಿಯ ಹಾಗೆ ಮುಚ್ಚಿರುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಶಿಫಾ ಬೆಚ್ಚಗಾದಳು, ಕಾಲು ಚಾಚಿ ಮಲಗಿದಳು. ಸುನಂದಾ ಅವಳ ಪಕ್ಕ ಕೂತಳು.

ಗಿರೀಶ ಪೆಟ್ರೋಲ್ ಹಾಕಿಸಲು ಹೊರಟ. ಪ್ರತಿ ಶನಿವಾರ ಹಸನ್‌ಗೆ ಫೋನ್ ಮಾಡುವುದೆಂದು ಗೊತ್ತು ಮಾಡಿಕೊಂಡಿದ್ದೆವು. ಮೊಬೈಲು ಕಾರಿನಲ್ಲಿ ಚಾರ್ಜ್ ಆಗುತ್ತದೆಂದು ನಾನೂ ಹೊರಟೆ. ಕರೆಂಟು ಇದ್ದ ಬಂಕು ಒಂದೇ, ಅದರ ಮುಂದೆ ಕಾರುಗಳ ಸಾಲು ರಸ್ತೆಯ ತಿರುವಿನ ಆಚೆಗೂ ಹೋಗಿತ್ತು. ಫೋನು ತಾಗಲಿಲ್ಲ. ಗಿರೀಶ ರೇಡಿಯೋ ಹಾಕಿದ. ಯಾವ ರಸ್ತೆ ಬಂದ್, ಎಲ್ಲಿ ತಂತಿ ಬಿದ್ದಿದೆ ಎಂದೆಲ್ಲ ಹೇಳಿ, ಒಬ್ಬ ಹೆಂಗಸು ನಿಧಾನವಾಗಿ ಒಂದು ಎಚ್ಚರಿಕೆ ಓದಿದಳು. ಮನೆಯೊಳಗೆ ಇದ್ದಲು ಉರಿಸಬೇಡಿ. ಅದರ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೀಗೆ ಮಾಡಿದ ಮನೆಗಳಿಂದ ಜನರನ್ನು ಆಸ್ಪತ್ರೆಗೆ ಒಯ್ಯುತ್ತಿದ್ದಾರೆ. ನಿದ್ದೆಯಲ್ಲಿದ್ದವರು ಏಳುವುದಿಲ್ಲ.

ಗಿರೀಶ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಅವನು ಸಾಲಿನಿಂದ ಕಾರು ಕಿತ್ತು ತಿರುಗಿಸಿದ.

ಸಿಗ್ನಲ್‌ಗಳೆಲ್ಲ ಸತ್ತಿದ್ದವು. ಒಂದೊಂದು ಕೂಡುರಸ್ತೆಯಲ್ಲೂ ಎಲ್ಲರೂ ನಿಂತು, ಸರದಿಯಂತೆ ಒಂದೊಂದೇ ಕಾರು ದಾಟುತ್ತಿತ್ತು. ಅಂಥ ಶಿಸ್ತನ್ನು ನಾನು ಜೀವಮಾನವೆಲ್ಲ ಮೆಚ್ಚಿದವಳು. ಅಂದು ಹಲ್ಲು ಕಚ್ಚಿದೆ. ಗುಡ್ಡ ಏರುವ ರಸ್ತೆಗೆ ಅಡ್ಡ ಮರ ಬಿದ್ದಿತ್ತು. ಸುತ್ತಿ ಹೋಗಬೇಕಾಯಿತು. ಗಿರೀಶ ಒಂದು ಕೈಯಲ್ಲಿ ಫೋನ್ ಒತ್ತುತ್ತಲೇ ಇದ್ದ.

"ಮೇಡಂ, ಕಾಲ್ ಹೋಗ್ತಾನೇ ಇಲ್ಲ. ಸೆಕೆ ಆದ್ರೆ ಸುನಂದಾ ಕಿಟಕಿ ತೆಗೀತಾಳೆ ಅಲ್ವಾ?"

"ತೆಗೀತಾಳಪಾ."

"ಅವಳಿಗೆ ಸ್ವಲ್ಪ ಸೆಕೆ ಆದ್ರೂ ತಡ್ಯೋಕಾಗಲ್ಲ. ತೆಗೀತಾಳೆ ಅಲ್ವಾ ಮೇಡಂ?"

ಚಾದರವನ್ನು ಇನ್ನಷ್ಟು ಒತ್ತವ್ವಾ ಎಂದು ಹೊರಡುವಾಗ ಹೇಳಿದ್ದು ನನ್ನ ಕಿವಿಯಲ್ಲೇ ಇತ್ತು.

ಮನೆ ಕತ್ತಲಾಗಿತ್ತು. ಸಣ್ಣ ಕೋಣೆಯ ಬಾಗಿಲು ನೂಕಿದಾಗ ಸುನಂದಾ ಗೋಡೆ ಹಿಡಿದು ಎದ್ದಳು. "ತಲಿ ಸಿಡ್ಯಾಕ ಹತ್ತೇತ್ರಿ... ಯಾಕ ಓಡಿ ಬಂದ್ರಿ?" ಗಿರೀಶ ಅವಳನ್ನು ಎತ್ತಿಕೊಂಡು ಹೊರಗೆ ಓಡಿದ. ನಾನು ಶಿಫಾಳ ಹತ್ತಿರ ಮೊಣಕಾಲೂರಿದೆ. ಕೆಂಡ ಅರ್ಧ ಬೂದಿಯಾಗಿ ತಣ್ಣಗೆ ಹೊಳೆಯುತ್ತಿತ್ತು. ಹೊಗೆಯಿಲ್ಲ, ವಾಸನೆಯಿಲ್ಲ. ಅವಳ ಬೆನ್ನು ನನ್ನ ಕಡೆ ಇತ್ತು. ಬೆರಳಿನಿಂದ ಇಂಟು ಎಳೆದೆ.

ಭುಜ ಕೊಡವಿದಳು.

ಮತ್ತೆ ಎಳೆದೆ, ಉಗುರು ಒತ್ತಿ, ಭುಜದಿಂದ ಸೊಂಟದವರೆಗೆ. ರಜಾಯಿಯೊಳಗಿಂದ ಒಂದು ಕೈ ನಿಧಾನವಾಗಿ ಹೊರಗೆ ಬಂತು. ಗಾಳಿಯಲ್ಲಿ ಒಂದೇ ಒಂದು ಸನ್ನೆ ಮಾಡಿತು.

"ಅಭ್ಯಾಸ."

ಕೈ ಒಳಗೆ ಹೋಯಿತು.

ಹೆದರಿಕೆ ಎಂದರೇನೆಂದು ನನಗೆ ಆ ತನಕ ಗೊತ್ತಿರಲಿಲ್ಲ. ಅವಳಿಗೆ ನಿಜ ಹೇಳಲು ನನ್ನ ಬಳಿ ಇದ್ದದ್ದು ಅದೊಂದೇ ಗುರುತು, ಅದನ್ನು ನಾನೇ ಕೆಡಿಸಿದ್ದೆ. ಗಿರೀಶ ಮರಳಿ ಬಂದ. ಇಬ್ಬರೂ ಅವಳ ತೋಳು ಹಿಡಿದು ಎಳೆದೆವು. ಅವಳು ಕಿರುಚಿದಳು, ಒದ್ದಳು. ಅವಳ ಉಗುರು ನನ್ನ ಕೆನ್ನೆಯ ಮೇಲೆ ಕಣ್ಣಿನ ಕೆಳಗಿನಿಂದ ಗದ್ದದವರೆಗೆ ಇಳಿಯಿತು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು, ಗಿರೀಶ ಬೆರಳು ಬಿಡಿಸಿದ. ಹೊರಗಿನ ಒದ್ದೆ ಹುಲ್ಲಿನ ಮೇಲೆ ಬಿದ್ದವಳು ಏಳಲು ಹೋಗಿ ಏಳಲಾರದೆ ವಾಂತಿ ಮಾಡಿಕೊಂಡಳು. ತನ್ನ ಕಾಲು ತನ್ನ ಮಾತು ಕೇಳುತ್ತಿಲ್ಲವೆಂದು ಗೊತ್ತಾದಾಗಲೇ ಅವಳು ಒದೆಯುವುದನ್ನು ನಿಲ್ಲಿಸಿದ್ದು. ಅಂಗೈ ಚಾಚಿದಳು. "ಗಾಳಿ ವಿಷ" ಎಂದು ಅದರೊಳಗೆ ಹೇಳಿದೆ. ಅವಳು ಅಂಗೈ ಮುಚ್ಚಿಕೊಂಡಳು.

ನೆರೆಮನೆಯವರ ಫೋನು ಕೆಲಸ ಮಾಡುತ್ತಿತ್ತು. ಅಗ್ನಿಶಾಮಕದವರು ಬಂದು ಸುನಂದಾಳಿಗೂ ಶಿಫಾಳಿಗೂ ಆಮ್ಲಜನಕ ಹಾಕಿ ಆಸ್ಪತ್ರೆಗೆ ಒಯ್ದರು. ಮರುದಿನ ಮಧ್ಯಾಹ್ನ ಇಬ್ಬರನ್ನೂ ಮನೆಗೆ ಕಳಿಸಿದರು. ಇನ್ನೂ ಸ್ವಲ್ಪ ಹೊತ್ತು ಕಳೆದಿದ್ದರೆ ಎಂದು ವೈದ್ಯೆ ಮಾತು ಶುರುಮಾಡಿ, ನನ್ನನ್ನು ನೋಡಿ ನಿಲ್ಲಿಸಿದಳು. ಭಾನುವಾರ ಹಸನ್‌ಗೆ ಫೋನು ತಾಗಿತು. "ಕೈ ಬಿಟ್ಟಿಲ್ಲ ತಾನೆ, ಟೀಚರ್?" ಎಂದ. "ಬಿಟ್ಟಿದ್ದೇನೆ ಹಸನ್. ಬಿಟ್ಟದ್ದರಿಂದ ಏನೂ ಆಗಲಿಲ್ಲ. ಆದದ್ದು ಬೇರೆ, ನನ್ನಿಂದ ಆದದ್ದು. ಊರಿಗೆ ಬಂದು ಎದುರಿಗೇ ಹೇಳುತ್ತೇನೆ" ಎಂದೆ.

ಕೊನೆಯ ತರಗತಿಯಲ್ಲಿ ಕ್ಯಾರಲ್ ಶಿಫಾಳನ್ನು ಎದುರಿಗೆ ಕೂರಿಸಿ, ಊರಿಗೆ ಏನು ಒಯ್ಯುತ್ತೀ ಎಂದು ಕೇಳಿದರು. ದ್ವೀಪಗಳಲ್ಲಿ ತರಬೇತಿ ಕೊಡುವವಳೆಂದು ನನ್ನ ಹೆಸರನ್ನೇ ಸೂಚಿಸುವ ಯೋಚನೆ ಅವರ ಸಂಘಕ್ಕಿತ್ತು. ಶಿಫಾ ಸನ್ನೆ ಮಾಡತೊಡಗಿದಳು. ಅವಳ ಮಾತನ್ನು ಇಂಗ್ಲಿಷಿನಲ್ಲಿ, ಅವಳಾಗಿಯೇ, "ನಾನು" ಎಂದೇ ಹೇಳಬೇಕಾದದ್ದು ನನ್ನ ಕೆಲಸ. ಒಂದು ಪದ ಬಿಡುವಂತಿಲ್ಲ, ಮೆತ್ತಗೆ ಮಾಡುವಂತಿಲ್ಲ.

"ನನ್ನ ಟೀಚರ್ ನನ್ನ ಬೆನ್ನ ಮೇಲೆ ಸುಳ್ಳು ಇಂಟು ಎಳೆದರು" ಎಂದು ನನ್ನ ಬಾಯಿ ಹೇಳಿತು. "ಒಬ್ಬ ಬಡವ ನನಗೆ ರಸ್ತೆ ದಾಟಿಸುತ್ತಿದ್ದ. ಅಪಾಯ ಇರಲಿಲ್ಲ. ಟೀಚರಿಗೆ ಹೆದರಿಕೆ ಇತ್ತು. ತಮ್ಮ ಹೆದರಿಕೆಯನ್ನು ನನ್ನ ಅಪಾಯ ಎಂದು ಬರೆದರು. ಎರಡು ದಿನ ಕಳೆದ ಮೇಲೆ ನಿಜವಾದ ಇಂಟು ಬಂತು. ನಾನು ನಂಬಲಿಲ್ಲ. ಟೀಚರ ಕೆನ್ನೆಯ ಮೇಲೆ ಗಾಯವಿದೆ, ಅದು ನಾನು ಮಾಡಿದ್ದು."

ನೀರು ಕುಡಿದು ಮುಂದುವರಿಸಿದೆ.

"ಇಂಟುವನ್ನು ನಾನು ಊರಿಗೆ ಒಯ್ಯುತ್ತೇನೆ. ಕಲಿಸುವವರು ನಾವು, ಬೆನ್ನು ಕೊಡುವವರು. ಟೀಚರ್ ಜೊತೆಗೆ ಬರುತ್ತಾರೆ, ಕಲಿಯುವವರ ಸಾಲಿನಲ್ಲಿ ಕೂರುತ್ತಾರೆ."

ಕ್ಯಾರಲ್ ನನ್ನ ಕೈಗೆ ಕೈಯಿಟ್ಟು, ಟೀಚರ್ ಏನು ಹೇಳುತ್ತಾರೆ ಎಂದು ಕೇಳಿಸಿದರು. "ಅವಳು ಹೇಳಿದ್ದೆಲ್ಲ ನಿಜ. ಸಂಘದಲ್ಲಿ ನನಗೆ ಮತವೂ ಇಲ್ಲ" ಎಂದೆ. ಆ ಮಾತಿಗೆ ಶಿಫಾ ನಕ್ಕಳು. ಎಷ್ಟೋ ದಿನಗಳ ಮೇಲೆ.

"ಇನ್ನೊಂದು ಗುರುತು ಬೇಕು" ಎಂದು ಅವಳು ಮತ್ತೆ ಹೇಳಿದಳು. "ಕಣ್ಣು ಕಾಣುವವರು ಬಹಳ ಹೆದರುತ್ತಾರೆ. ಅದಕ್ಕೂ ಒಂದು ಗುರುತು ಇಲ್ಲದಿದ್ದರೆ ಇಂಟುವನ್ನೇ ಎಳೆದುಬಿಡುತ್ತಾರೆ." ಅಲ್ಲಿಯೇ ಯೋಚಿಸಿ, ನನ್ನ ಕಿರುಬೆರಳನ್ನು ತನ್ನ ಕಿರುಬೆರಳಿನಿಂದ ಹಿಡಿದಳು. ಅಪಾಯವಿಲ್ಲ, ನನಗೆ ಹೆದರಿಕೆಯಾಗಿದೆ, ಸ್ವಲ್ಪ ಜೊತೆಗಿರು ಎಂದು ಅದರ ಅರ್ಥ. ಬೇಡವಾದರೆ ಕೊಡವಿಕೊಳ್ಳಬಹುದು. ಕ್ಯಾರಲ್ ಅದನ್ನು ಮುಟ್ಟಿ ನೋಡಿ, ತಮ್ಮ ಗಂಡನಿಗೆ ಇವತ್ತೇ ಕಲಿಸುವುದಾಗಿ ಹೇಳಿದರು.

ಹೊರಡುವ ದಿನ ಸುನಂದಾ ಗಿರೀಶ ಇಬ್ಬರೂ ಬಿಡಲು ಬಂದರು. "ಅಕ್ಕೋರ, ಇನ್ನೊಮ್ಮೆ ಬೇಸಗ್ಯಾಗ ಬರ್ರಿ, ಜ್ವಾಳಾ ಹೊರಗ ಸುಡೂಣು" ಎಂದಳು ಸುನಂದಾ. ಶಿಫಾ ಕೋಲು ಹಿಡಿದು ಮುಂದೆ ನಡೆದಳು. ವಿಮಾನದ ಬಾಗಿಲವರೆಗೂ ನಾನು ಅವಳ ಹಿಂದೆಯೇ ಬಂದೆ, ಕೈ ಚಾಚಲಿಲ್ಲ. ಅವಳು ಎರಡು ಸಲ ಗೋಡೆಗೆ ತಾಗಿದಳು. ನನಗೆ ಎರಡು ಸಲವೂ ಜೀವ ಹೋಗಿ ಬಂತು.

ಕಿಟಕಿಯಿಂದ ಆಚೆ ನೋಡಿದೆ. ಮಳೆಯಲ್ಲಿ ದೀಪಗಳು ಹೊತ್ತುತ್ತಿದ್ದವು. ಬೆಟ್ಟದ ಕಡೆ ಇನ್ನೂ ದೊಡ್ಡ ದೊಡ್ಡ ಕಪ್ಪು ತುಂಡುಗಳಿದ್ದವು, ಕರೆಂಟು ಬಾರದ ಮನೆಗಳು. ಅಲ್ಲಿ ಎಷ್ಟು ಕೋಣೆಗಳಲ್ಲಿ ಯಾರು ಏನು ಹೊತ್ತಿಸಿಕೊಂಡು ಮಲಗಿದ್ದಾರೋ ಎಂದುಕೊಂಡೆ. ಮುಂದೆ ಸಮುದ್ರ, ಅದರ ಆಚೆ ಸಮುದ್ರಕ್ಕಿಂತ ಆಳೆತ್ತರವೂ ಇಲ್ಲದ ದ್ವೀಪಗಳು, ಅಲ್ಲಿ ದಡದಲ್ಲಿ ಹಸನ್. ಪಕ್ಕದಲ್ಲಿ ಶಿಫಾ ಕಣ್ಣು ಮುಚ್ಚಿದ್ದಳು. ನಾನು ಅವಳ ಕಿರುಬೆರಳನ್ನು ಹಿಡಿದೆ.

ಅವಳು ಕಣ್ಣು ತೆರೆಯಲಿಲ್ಲ. ಪಾದವನ್ನು ನೆಲಕ್ಕೆ ಒತ್ತಿ ಒಂದು ಗಳಿಗೆ ಗಮನಿಸಿದಳು. ಆಮೇಲೆ ಇನ್ನೊಂದು ಕೈಯನ್ನು ನನ್ನ ಕೈ ಮೇಲೆ ತಂದು ಹೇಳಿದಳು:

"ವಿಮಾನ ಇನ್ನೂ ಹೊರಟೇ ಇಲ್ಲ, ಟೀಚರ್."

ಬೆರಳನ್ನು ಮಾತ್ರ ಕೊಡವಿಕೊಳ್ಳಲಿಲ್ಲ.